ಅತ್ತೆಯನ್ನು ಬಿಟ್ಟು ನೋಡಿದ ಗಾಡಿ

ನಮ್ಮ ಮನೆ ಗಂಡಸರು ದೊಡ್ಡ ಗಾಡಿ ನೋಡಲು ಹೊರಟ ಆ ದಿನ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಕಂಡಕಂಡವರೆಲ್ಲ ಜೀಪಿನಂಥ ಎತ್ತರದ ಗಾಡಿ ತರುತ್ತಿದ್ದ ಕಾಲ. ನಮ್ಮ ಯಜಮಾನರಿಗೂ ಅವರಣ್ಣನಿಗೂ, ಅಂದರೆ ನಮ್ಮ ಭಾವನವರಿಗೂ ಅದೇ ಹುಚ್ಚು ಹತ್ತಿತ್ತು. ಹುಚ್ಚು ಅಂತ ಒಪ್ಪಿಕೊಂಡಿದ್ದರೆ ನನಗೇನೂ ಸಿಟ್ಟಿರಲಿಲ್ಲ. ಅಮ್ಮನಿಗೋಸ್ಕರ ತಗೋತಿದೀವಿ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದರಲ್ಲ, ಅದಕ್ಕೆ ಸಿಟ್ಟು.

ಅತ್ತೆ, ಮಾವ ಶ್ರೀರಾಂಪುರದಲ್ಲಿ ನಮ್ಮ ಜೊತೆಗೇ ಇದ್ದರು. ಮಾವನವರು ಇಂಥದ್ದಕ್ಕೆಲ್ಲ ತಲೆ ಹಾಕುವವರಲ್ಲ. ಅತ್ತೆಗೆ ಮದುವೆಯಾಗಿ ಬಂದಾಗಿನಿಂದ ಹುಣ್ಣಿಮೆ ಹುಣ್ಣಿಮೆಗೆ ನಂಜನಗೂಡಿಗೆ ಹೋಗಿಬರುವ ನೇಮ. ಯಾರ ಹಂಗೂ ಇಲ್ಲದೆ ಬಸ್ಸಲ್ಲೇ ಹೋಗುತ್ತಿದ್ದರು. ಮಂಡಿ ಹೋದ ಮೇಲೆ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಅದು ನಿಂತಿತು. ಮನೆಯಲ್ಲಿದ್ದ ಹಳೇ ಪುಟ್ಟ ಕಾರು ತೀರಾ ತಗ್ಗು. ಒಮ್ಮೆ ಕೂತರೆ ಅವರನ್ನು ಎಬ್ಬಿಸಲು ಇಬ್ಬರು ಬೇಕಿತ್ತು. ಅವರಿಗದು ನಾಚಿಕೆ. ಹುಣ್ಣಿಮೆ ದಿನ ದೇವರ ಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದರು. ಬೇಕಾಗಿದ್ದದ್ದು ಇಷ್ಟೇ, ಅವರು ತಾವಾಗಿ ಹತ್ತಿ ತಾವಾಗಿ ಇಳಿಯುವಂಥ ಒಂದು ಗಾಡಿ.

ಶೋರೂಮಿಗೆ ನನ್ನನ್ನೂ ಕರೆದರು, ಬಣ್ಣ ಆರಿಸೋಕೆ. ಅತ್ತೆಯನ್ನು ಕರೆಯಲಿಲ್ಲ. ಹೊಸದೇನು ಮನೆಗೆ ಬಂದರೂ ಹಿರಿ ಮುತ್ತೈದೆ ಬಾಗಿಲಲ್ಲಿ ನಿಂತು ಆರತಿ ಎತ್ತಬೇಕು, ಅದು ನಮ್ಮ ಮನೆ ಪದ್ಧತಿ. ಅಮ್ಮ ಮೊದಲೇ ನೋಡಿಬಿಟ್ಟರೆ ಆರತಿಗೆ ಏನು ಸೊಗಸು ಅಂದರು ಭಾವ. ಫ್ರಿಜ್ಜು ಬಂದಾಗಲೂ ಹೀಗೇ ಮಾಡಿದ್ದರು, ವಾಷಿಂಗ್ ಮಷೀನು ಬಂದಾಗಲೂ ಹೀಗೇ. ಫ್ರಿಜ್ಜನ್ನು ಅತ್ತೆ ಹತ್ತಿ ಕೂರಬೇಕಾಗಿರಲಿಲ್ಲವಲ್ಲ.

ಪರೀಕ್ಷೆಯೋ ಪರೀಕ್ಷೆ. ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ಸದ್ದು ಕೇಳಿದರು. ಟೈರಿಗೆ ಒದ್ದರು. ಬಗ್ಗಿ ಅಡಿ ನೋಡಿ, ನೆಲದಿಂದ ಎಷ್ಟು ಎತ್ತರ ಇದೆ ನೋಡು, ಎಂಥ ಹಳ್ಳ ಬಂದರೂ ತಗುಲಲ್ಲ ಅಂತ ಖುಷಿಪಟ್ಟರು. ಶ್ರೀರಾಂಪುರದಿಂದ ನಂಜನಗೂಡಿಗೆ ಹೋಗೋ ದಾರೀಲಿ ಇವರಿಗೆ ಯಾವ ಹಳ್ಳಕೊಳ್ಳ ಸಿಗುತ್ತೋ ನಾ ಕಾಣೆ. ಆಮೇಲೆ ಶೋರೂಮಿನವನನ್ನು ಪಕ್ಕ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿಸಿದರು. ಎಸಿ ಹಾಕಿ ಸ್ವಲ್ಪ ದೂರ, ಆರಿಸಿ ಸ್ವಲ್ಪ ದೂರ. ಮೇಲೆ ಸುಟ್ಟ ಮುಸುಕಿನ ಜೋಳ ತಿನ್ನುತ್ತಾ ಇಂಜಿನ್ನಿಗೆ ಮಾರ್ಕು ಕೊಟ್ಟರು. ನಾನು ಆ ಗಾಡಿ ಹತ್ತಬೇಕಾದರೆ ಒಂದು ಕೈಲಿ ಸೀರೆ ನೆರಿಗೆ, ಇನ್ನೊಂದು ಕೈಲಿ ಒಳಗಿನ ಹಿಡಿ ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳಬೇಕಾಯಿತು. ನಲವತ್ತೂ ತುಂಬದ ನನಗೇ ಹೀಗೆ. ಅತ್ತೆ ಕೈಲಿ ಇದು ಆಗಲ್ಲ ಅಂತ ಹೇಳಿ ನೋಡಿದೆ. ಅಭ್ಯಾಸ ಆಗುತ್ತೆ ಬುಡಮ್ಮ ಅಂದರು ಭಾವ, ಬಾಯಲ್ಲಿ ಜೋಳ ಇಟ್ಟುಕೊಂಡೇ.

ಶುಕ್ರವಾರ ಒಳ್ಳೆ ದಿನ, ಬುಕ್ ಮಾಡೇಬಿಡೋಣ ಅನ್ನುವ ಮಾತು ಬೆಟ್ಟ ಇಳಿಯುವಾಗಲೇ ಮುಗಿದುಹೋಯಿತು. ಹಿಂದೆ ಕೂತಿದ್ದ ನನಗೆ ತಡೆಯಲಾಗಲಿಲ್ಲ.

"ಗಾಡಿ ಮನೆ ಕಡೆ ತಿರುಗಿಸ್ರೀ. ಅತ್ತೆ ಒಂದು ಸಲ ಹತ್ತಿ ಕೂತ್ಕೊಳ್ಳಲಿ. ಇಲ್ದಿದ್ರೆ ನಾನು ಇಲ್ಲೇ ಇಳಿದು ನಡ್ಕೊಂಡು ಹೋಗ್ತೀನಿ."

ಯಜಮಾನರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಶೋರೂಮಿನವನ ಮುಂದೆ ಮರ್ಯಾದೆ ಹೋಗುತ್ತೆ ಅನ್ನಿಸಿರಬೇಕು, ಗಾಡಿ ಶ್ರೀರಾಂಪುರಕ್ಕೆ ತಿರುಗಿಸಿದರು. ಭಾವನ ಮುಖ ಊದಿಕೊಂಡಿತ್ತು.

ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಗಾಡಿ ಕಂಡಿದ್ದೇ ಸೆರಗಿಗೆ ಕೈ ಒರೆಸಿಕೊಂಡು ಕುಂಟುತ್ತಲೇ ಗೇಟಿಗೆ ಬಂದರು. ಮುಖದಲ್ಲಿ ಅದೇನು ಸಂತೋಷ! ಯಜಮಾನರು ಬಾಗಿಲು ತೆಗೆದರು. ಅತ್ತೆ ಬಲಗಾಲು ಎತ್ತಿದರು, ಮೇಲೆ ಎಟುಕಲಿಲ್ಲ. ಎಡಗಾಲು ಎತ್ತಿದರು, ಅದೂ ಇಲ್ಲ. ಆಗಲಾದರೂ ಬುದ್ಧಿ ಬರಬೇಕಲ್ಲ? ಭಾವ ಆ ಕಡೆ ಬಾಗಿಲಿಂದ ಒಳಗೆ ನುಗ್ಗಿ ಅವರ ಕೈ ಹಿಡಿದೆಳೆದರು, ಯಜಮಾನರು ಹಿಂದಿನಿಂದ ದಬ್ಬಿದರು. ಅಕ್ಕಿ ಮೂಟೆ ಏರಿಸಿದ ಹಾಗೆ ಹೆತ್ತ ತಾಯಿಯನ್ನು ಏರಿಸಿಬಿಟ್ಟರು. ಎದುರು ಮನೆಯವರು ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು. ಅತ್ತೆಯ ಸೆರಗು ಜಾರಿತ್ತು, ಮಂಡಿ ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಭಾವ ಏನೋ ಗೆದ್ದವರಂತೆ, ಹಿಂದೆ ಒಂದು ಸ್ಟೂಲ್ ಇಟ್ಟುಕೊಂಡರಾಯಿತು, ತಾಪತ್ರಯವೇ ಇಲ್ಲ ಅಂದರು. ಆ ಸ್ಟೂಲನ್ನು ತಂದು ಅವರ ತಲೆ ಮೇಲೇ ಹಾಕುವಷ್ಟು ಕೋಪ ಬಂತು ನನಗೆ. ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆಯೇ ಮಾತಾಡಿದರು. ದನಿ ಏರಿಸಲಿಲ್ಲ.

"ಬಸ್ಸೂ ಇಷ್ಟೇ ಎತ್ತರ ಇತ್ತು ಕಣ್ರೋ. ಅದನ್ನ ಯಾರೂ ನನ್ನ ಹೆಸರು ಹೇಳ್ಕೊಂಡು ತಂದಿರಲಿಲ್ಲ, ಅಷ್ಟೇ."

ಇಳಿಯುವಾಗ ಅತ್ತೆ ಮಕ್ಕಳ ಕೈ ಮುಟ್ಟಲಿಲ್ಲ. ನನ್ನ ಹೆಗಲು ಹಿಡಿದು, ನೋವಿಗೆ ಹಲ್ಲು ಕಚ್ಚಿ ಇಳಿದರು. ಹೋಗಿ ಮತ್ತೆ ಅವರೆಕಾಯಿ ಮುಂದೆ ಕೂತರು. ಗಾಡಿ ವಾಪಸ್ಸು ಹೋಯಿತು. ಭಾವ ಸ್ವಲ್ಪ ದಿನ ನನ್ನ ಜೊತೆ ಮಾತು ಬಿಟ್ಟರು. ಬಿಡಲಿ, ನನಗೇನು ನಷ್ಟ.

ಮುಂದಿನ ಸಲ ಶೋರೂಮಿಗೆ ಅತ್ತೆಯನ್ನು ನಾನೇ ಹೊರಡಿಸಿದೆ. ಇಂಜಿನ್ ಬಗ್ಗೆ ಅವರು ಒಂದು ಮಾತು ಕೇಳಲಿಲ್ಲ. ಬಾಗಿಲು ತೆಗೆಸಿ, ಗಾಡಿಗೆ ಬೆನ್ನು ಮಾಡಿ ನಿಲ್ಲುವುದು, ಸೀಟು ಸೊಂಟದ ಮಟ್ಟಕ್ಕೆ ಬರುತ್ತಾ ನೋಡುವುದು, ಹಾಗೇ ಕೂತು ಒಂದೊಂದೇ ಕಾಲು ಒಳಗೆ ಎಳೆದುಕೊಳ್ಳುವುದು. ಇದೇ ಅವರ ಪರೀಕ್ಷೆ. ಗಂಡುಮಕ್ಕಳು ಹಿಂದೆ ಹಿಂದೆ ಸುತ್ತಿದರು. ಕೊನೆಗೆ ತೀರಾ ಎತ್ತರವೂ ಅಲ್ಲದ, ತೀರಾ ತಗ್ಗೂ ಅಲ್ಲದ ಒಂದರಲ್ಲಿ ಯಾರ ಆಸರೆಯೂ ಇಲ್ಲದೆ ಕೂತರು. ಇಳಿದರು. ಮತ್ತೆ ಕೂತರು.

ಅದು ಮನೆಗೆ ಬಂದದ್ದು ಹುಣ್ಣಿಮೆ ಬೆಳಗ್ಗೆ. ನಾನು ಆರತಿ ತಟ್ಟೆ ಸಿದ್ಧ ಮಾಡಿಕೊಂಡು ಅತ್ತೆ ಕೈಗೆ ಕೊಡೋಣ ಅಂತ ಹೊರಗೆ ಬಂದರೆ, ಅವರು ಆಗಲೇ ಗಾಡಿಯೊಳಗೆ ಕೂತು ಹಣ್ಣುಕಾಯಿ ಚೀಲ ತೊಡೆ ಮೇಲಿಟ್ಟುಕೊಂಡಿದ್ದರು. ಇಳಿದು ಬಾಮ್ಮ, ಪದ್ಧತಿ ಬಿಡೋದಾ ಅಂದರು ಭಾವ.

"ಆರತಿ ಅವಳು ಎತ್ತುತ್ತಾಳೆ ಬುಡು," ಅಂದರು ಅತ್ತೆ. "ನಾನು ಇನ್ನು ಇಳಿಯೋದು ನಂಜನಗೂಡಲ್ಲೇ."