ಗುಡ್ಡದ ಅಳತೆಗೆ ನಿಂತವನು

ಒಂದು ಕಾಲಿಗೆ ಚಪ್ಪಲಿ ಹಾಕಿದ್ದೆ, ಇನ್ನೊಂದು ಕಾಲಿನದನ್ನು ಹುಡುಕುತ್ತಿದ್ದೆ. ಆಫೀಸಿಗೆ ಹೊತ್ತಾಗಿತ್ತು. ತಲೆ ಎತ್ತಿದರೆ ಬಾಗಿಲಲ್ಲಿ ಒಬ್ಬ ಹೆಂಗಸು. ಆಕೆಯ ಹಿಂದೆ ಹೆಗಲಿಗೆ ಕಂಬಳಿ ಹಾಕಿಕೊಂಡ ಒಬ್ಬ ಗಂಡಸು.

“ನಮ್ಮ ಮನ್ಯಾನವ್ರ ಫೋಟೊ ನಿಮ್ಮ ಹತ್ರ ಅದ ಅಂತಲ್ರೀ, ಸಾಹೇಬ್ರ. ಅದೊಂದೀಟು ಕೊಡ್ರಿ. ಅವ್ರು ಕಳದ್ಹೋಗ್ಯಾರ.”

ಯಾರ ಫೋಟೊ? ಯಾವ ಮನೆಯವರು? ಗಂಡನ ಹೆಸರೇನು ಎಂದು ಕೇಳಿದೆ. ಆಕೆ ಪಕ್ಕದವನ ಮುಖ ನೋಡಿದಳು. (ನಮ್ಮ ಕಡೆ ಹೆಂಗಸರು ಗಂಡ ಕಳೆದುಹೋದರೂ ಹೆಸರು ಮಾತ್ರ ಹೇಳುವುದಿಲ್ಲ.) ಪಕ್ಕದವನು ಆಕೆಯ ಮೈದುನ. “ಅಮರಪ್ಪ ರೀ, ನಮ್ಮಣ್ಣ. ಮಸರಕಲ್ ಕಡಿ ಗುಡ್ಡದಾಗ ಕುರಿ ಮೇಸ್ತಾನಲ್ರೀ. ನೀವು ಬಂದಾಗೆಲ್ಲ ಅವನ ಫೋಟೊ ತೆಗೀತಿದ್ರಂತ. ರಾಯಚೂರಾಗ ನಿಮ್ಮ ಮನಿ ಗುರ್ತೂ ಅವನೇ ಹೇಳಿದ್ದ,” ಎಂದ.

ನೆನಪಾಯಿತು. ಹಾಕಿದ್ದ ಚಪ್ಪಲಿಯನ್ನೂ ಬಿಚ್ಚಿ ಇಬ್ಬರನ್ನೂ ಒಳಗೆ ಕರೆದೆ.

ನಡೆದದ್ದು ಇಷ್ಟು. ಭತ್ತದ ಕೊಯ್ಲು ಮುಗಿದ ಮೇಲೆ ದೇವದುರ್ಗದ ಕಡೆಯ ಕುರಿಗಳು ಮಾನ್ವಿ, ಸಿರವಾರದ ಕಾಲುವೆ ಸೀಮೆಗೆ ಬರುತ್ತವೆ. ಹಗಲು ಗದ್ದೆಯ ಕೂಳೆ ಮೇಯುತ್ತವೆ, ರಾತ್ರಿ ಅದೇ ಗದ್ದೆಯಲ್ಲಿ ಮಲಗಿ ಗೊಬ್ಬರ ಬಿಡುತ್ತವೆ. ಅಮರಪ್ಪನ ಮನೆಮಂದಿಯೆಲ್ಲ ಹಾಗೆ ಮಾನ್ವಿ ಹತ್ತಿರ ಬೀಡು ಬಿಟ್ಟಿದ್ದರು. ಕುರಿಗಳಿಗೆ ಔಷಧ ತರುತ್ತೇನೆಂದು ಆತ ಸಿರವಾರಕ್ಕೆ ಹೋದ. ಸಂಜೆಗೆ ಬರಬೇಕಿದ್ದವನು ಬರಲಿಲ್ಲ. ಅದಾಗಿ ಹನ್ನೊಂದು ದಿನ. ಸಿರವಾರದ ಸಂತೆ, ನಡುವಿನ ಹಳ್ಳಿಗಳು, ಕಾಲುದಾರಿ, ಬಾವಿ (ಹೌದು, ಬಾವಿಗಳನ್ನೂ ನೋಡಿದ್ದರು), ಎಲ್ಲೂ ಇಲ್ಲ. ಪೊಲೀಸರು ಹೆಸರು, ಊರು ಬರೆದುಕೊಂಡು, ಫೋಟೊ ಇದ್ದರೆ ತನ್ನಿ, ನಾಲ್ಕು ಕಡೆ ತೋರಿಸಬಹುದು ಎಂದಿದ್ದರು.

“ನಾಕು ಸಲ ತೆಗ್ದಾರ ಅಂತ ಹೇಳ್ತಿದ್ರು ರೀ,” ಎಂದಳು ಆಕೆ. ಹೆಸರು ಈರಮ್ಮ. “ಒಮ್ಮೆ ಹೊಸ ರುಮಾಲು ಸುತ್ಗೊಂಡು ಹೋಗಿದ್ರು. ನಮ್ಮ ಮಂದ್ಯಾಗ ಫೋಟೊ ತೆಗಿಸ್ಕೊಂಡವ್ರು ಅವ್ರೊಬ್ರೇ ರೀ.”

ಅಷ್ಟು ಸಂಕಟದಲ್ಲೂ ಆ ಕೊನೆಯ ಮಾತಿನಲ್ಲಿ ಸಣ್ಣ ಹೆಮ್ಮೆ ಇತ್ತು. ನಾನು ಮಾತ್ರ ಆಕೆಯ ಮುಖ ನೋಡದೆ ಫೋಟೊಗಳ ಡಬ್ಬಿ ತರಲು ಎದ್ದೆ. ಯಾಕೆ ಅಂತೀರಾ? ಹೇಳುತ್ತೇನೆ.

ಕಳೆದ ಚಳಿಗಾಲದಲ್ಲಿ ಇದೇ ಅಂಕಣದಲ್ಲಿ ನಾನು ಗುಡ್ಡಗಳ ಬಗ್ಗೆ ಬರೆದಿದ್ದೆ. ಬೇರೆ ಕಡೆ ಬೆಟ್ಟ ನೋಡಲು ಪಾರ್ಕುಗಳಿವೆಯಂತೆ. ಬೋರ್ಡು, ಬೆಂಚು, ನೋಡುವ ಜಾಗಕ್ಕೆ ಕಂಬಿ, ಎಲ್ಲ ಇರುತ್ತವಂತೆ. ನಮ್ಮಲ್ಲಿ ಏನಿದೆ? ಬಂಡೆ, ಜಾಲಿ, ಬಿಸಿಲು. ಆದರೂ ಕೈಯಲ್ಲಿ ಒಂದು ಬಾಕ್ಸ್ ಕ್ಯಾಮೆರಾ ಇದ್ದವನಿಗೆ ರಾಯಚೂರಿನ ಸುತ್ತ ಭಾನುವಾರ ಕಳೆಯಲು ಗುಡ್ಡಗಳಿಗೆ ಬರವಿಲ್ಲ ಎಂದು ವಾದಿಸಿದ್ದೆ. ಬೆಳಗಿನ ಬಸ್ಸು ಬುಡಕ್ಕೇ ಬಿಡಬೇಕು. ಒಂದು ತಾಸಿನಲ್ಲಿ ತಲೆ ಮುಟ್ಟಬೇಕು. ಬಿಸಿಲೇರುವ ಮೊದಲು ಆರು ಫೋಟೊ, ಇಳಿಬಿಸಿಲಿಗೆ ಆರು, ಅಲ್ಲಿಗೆ ರೋಲು ಮುಗಿಯಿತು. ನಡುವಿನ ಹೊತ್ತಿಗೆ ಬಂಡೆಯ ನೆರಳು, ಬುತ್ತಿ, ನಿದ್ದೆ. ಇಂಥ ಗುಡ್ಡವನ್ನೇ ಆರಿಸಿಕೊಳ್ಳಿ ಎಂದು ಬರೆದಿದ್ದೆ. ಕೆಲವರು ಹೋಗಿ ಬಂದು ಕಾರ್ಡು ಬರೆದರು. ಒಬ್ಬರು ಮೇಲೆ ಚಹಾ ಸಿಗುತ್ತದೆಯೇ ಎಂದು ಕೇಳಿದ್ದರು.

ಆ ಬರಹದ ಕೊನೆಗೆ ದೊಡ್ಡ ಪಂಡಿತನಂತೆ ಒಂದು ಗುಟ್ಟನ್ನೂ ಬಿಟ್ಟುಕೊಟ್ಟಿದ್ದೆ. ಬರೀ ಗುಡ್ಡ ತೆಗೆದರೆ ಅದು ಎಷ್ಟು ದೊಡ್ಡದು ಎಂದು ನೋಡಿದವರಿಗೆ ತಿಳಿಯುವುದಿಲ್ಲ. ಆದ್ದರಿಂದ ದೂರದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ. ಕುರಿ ಕಾಯುವವರು ಸಿಕ್ಕರೆ ಇನ್ನೂ ಉತ್ತಮ.

ಸಿಕ್ಕಿದ್ದವನು ಅಮರಪ್ಪ. ಆ ಗುಡ್ಡಕ್ಕೆ ನಾಲ್ಕು ಸಲ ಹೋದೆ, ನಾಲ್ಕು ಸಲವೂ ಆತನನ್ನು ನಿಲ್ಲಿಸಿದೆ. “ಹಿಂದಕ್ಕ ಸರಿ ಅಮರಪ್ಪ. ಇನ್ನಾ ಹಿಂದಕ್ಕ. ಆ ದೊಡ್ಡ ಬಂಡೆಗಲ್ಲಿನ ಹತ್ರ ಹೋಗು.” ಆತ ಕುರಿಗಳನ್ನು ಬಿಟ್ಟು ಹೋಗುತ್ತಿದ್ದ. ಒಂದು ಸಲ ಮಾತ್ರ, ಅಷ್ಟು ದೂರ ಯಾಕೆ ಎಂದು ಕೇಳಿದ. ನೀನು ದೂರ ನಿಂತಷ್ಟೂ ಗುಡ್ಡ ದೊಡ್ಡದಾಗಿ ಕಾಣುತ್ತದೆ ಎಂದು ತಿಳಿಸಿ ಹೇಳಿದೆ. ಆತನಿಗೆ ಅದು ಬಹಳ ಹಿಡಿಸಿತು. ತಾನು ನಿಂತದ್ದರಿಂದ ಗುಡ್ಡ ಬೆಳೆಯುತ್ತದೆ ಎಂದರೆ ಯಾರಿಗೆ ಬೇಡ?

ಒಂದು ಕಾಪಿ ಕೊಡಿ ಎಂದು ಪ್ರತಿ ಸಲ ಕೇಳುತ್ತಿದ್ದ. ತರುತ್ತೇನೆ ಎಂದು ಪ್ರತಿ ಸಲ ಹೇಳುತ್ತಿದ್ದೆ. ತರಲಿಲ್ಲ. ತಂದು ತೋರಿಸುವುದಾದರೂ ಏನನ್ನು?

ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟಿದ್ದ ಪ್ರಿಂಟುಗಳನ್ನೆಲ್ಲ ಈರಮ್ಮನ ಮುಂದೆ ಹರಡಿದೆ. ಆಕೆ ಒಂದೊಂದನ್ನೇ ಎತ್ತಿ, ತಿರುಗಿಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. “ಇದ್ರಾಗ ಎಲ್ಲಿ ಅದಾರ್ರೀ?”

ನಾನು ಹೇಳುವ ಮೊದಲೇ, ನೀರು ತಂದಿದ್ದ ನನ್ನ ಹೆಂಡತಿ ಗೋಡೆಯ ಕಡೆ ಕೈ ಮಾಡಿದಳು. ಅಲ್ಲಿ ಕಟ್ಟು ಹಾಕಿಸಿದ ಒಂದು ದೊಡ್ಡ ಗುಡ್ಡ. ಒಂದು ಸ್ಪರ್ಧೆಯಲ್ಲಿ ಅದಕ್ಕೆ ಸಮಾಧಾನಕರ ಬಹುಮಾನ ಬಂದಿತ್ತು. ಮನುಷ್ಯನನ್ನು ನಿಲ್ಲಿಸಿದ್ದರಿಂದ ಗುಡ್ಡದ ಎತ್ತರ ಚೆನ್ನಾಗಿ ಮೂಡಿದೆ ಎಂದು ಹೊಗಳಿದ್ದರು. “ಅಲ್ಲಿ ಕೆಳಗ ಮೂಲ್ಯಾಗ ನೋಡವ್ವಾ, ಬಿಳೀದು. ದಿನಾ ಅರಿವಿಲೇ ಒರಸ್ತೀನಿ ನಾ. ಆ ಸಣ್ಣ ಮನಷ್ಯಾ ಯಾರು ಅಂತ ಇವ್ರನ್ನ ಒಮ್ಮೆನೂ ಕೇಳಿಲ್ಲ ನೋಡು,” ಎಂದಳು.

ಈರಮ್ಮ ಇಷ್ಟು ಹೊತ್ತು ಅದರ ಕೆಳಗೇ ಕುಳಿತಿದ್ದಳು. ಎದ್ದು ಹತ್ತಿರ ಹೋದಳು. ಜೋಳದ ಕಾಳಿನಷ್ಟಿದ್ದ ಆ ಬಿಳಿ ಚುಕ್ಕೆಯನ್ನು ಬಹಳ ಹೊತ್ತು ನೋಡಿದಳು.

“ಹೌದ್ರಿ, ಅವ್ರೇ. ಎಡಗಾಲ ಮ್ಯಾಲ ಭಾರ ಹಾಕಿ ನಿಲ್ತಾರ. ಸಣ್ಣಾವ್ರಿದ್ದಾಗ ಬಲಗಾಲಿಗೆ ಮುಳ್ಳು ಮುರದಿತ್ತು.” ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, “ನನಗ ಗುರ್ತು ಸಿಗ್ತದ. ಮಂದಿಗೆ ಸಿಕ್ಕೀತೇನ್ರಿ?”

ಆ ದಿನ ಆಫೀಸಿಗೆ ಹೋಗಲಿಲ್ಲ. ನೆಗೆಟಿವ್ ಹಿಡಿದುಕೊಂಡು ನನಗೆ ಯಾವಾಗಲೂ ರೋಲು ತೊಳೆದುಕೊಡುವ ಸ್ಟುಡಿಯೊದ ಮಹಬೂಬ್ ಸಾಬರ ಹತ್ತಿರ ಓಡಿದೆ. ಎಷ್ಟು ದೊಡ್ಡದು ಮಾಡಲು ಸಾಧ್ಯವೋ ಅಷ್ಟು ಮಾಡಿಕೊಡಿ ಎಂದೆ. ಅವರು ಕತ್ತಲೆ ಕೋಣೆಯಿಂದ ಒದ್ದೆ ಕಾಗದ ಹಿಡಿದು ಹೊರಗೆ ಬಂದರು. ರುಮಾಲಿನ ಜಾಗದಲ್ಲಿ ಒಂದು ಬಿಳಿ ಕಲೆ. ಕೋಲಿನ ಜಾಗದಲ್ಲಿ ಒಂದು ಗೆರೆ. ನಡುವೆ ಬರೀ ಕರಿ ಚುಕ್ಕೆಗಳು.

“ಮುಖಾ ಇದ್ರ ಅಲ್ಲೇನ್ರಿ ದೊಡ್ಡದು ಮಾಡೋದು?” ಎಂದರು ಸಾಬರು. “ಇದ್ರಾಗ ಪೂರಾ ಪಹಾಡಾನೇ ಅದ, ಬರೇ ಗುಡ್ಡ.”

ಆದರೂ ಮರುದಿನ ರಜೆ ಹಾಕಿ, ಆ ಫೋಟೊವನ್ನೇ ಕವರಿನಲ್ಲಿ ಇಟ್ಟುಕೊಂಡು ಈರಮ್ಮನ ಮೈದುನನ ಜೊತೆ ಮಾನ್ವಿ ಬಸ್ಸು ಹತ್ತಿದೆ. ಅವರು ಹುಡುಕಿದ್ದೆಲ್ಲ ಸಿರವಾರ ಮತ್ತು ಕಾಲುದಾರಿಯಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದಿರಾ ಎಂದು ಕೇಳಿದರೆ, “ಅಣ್ಣ ಬಸ್ ಹತ್ತೋ ಮನಷ್ಯಾ ಅಲ್ರೀ, ಎಲ್ಲಿಗಿದ್ರೂ ನಡದೇ ಹೋಗ್ತಾನ,” ಎಂದ. ಇರಲಿ, ಅಲ್ಲೂ ಒಮ್ಮೆ ಕೇಳೋಣ ಎಂದೆ.

ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆ ಫೋಟೊ ತೋರಿಸಿದೆ. ಹಮಾಲರು ನೋಡಿದರು, ಹಣ್ಣು ಮಾರುವವರು ನೋಡಿದರು. ಚಹಾ ಅಂಗಡಿಯವನು ಕೈ ಒರೆಸಿಕೊಂಡು, ಬೆಳಕಿಗೆ ಹಿಡಿದು, ನಿಧಾನವಾಗಿ ನೋಡಿದ. “ಯಾವ ಗುಡ್ಡ್ರೀ ಇದು? ಛಂದ ಬಂದದ,” ಎಂದ.

ಎರಡು ವರ್ಷದಿಂದ ಇಂಥದೊಂದು ಮಾತಿಗೆ ಕಾದಿದ್ದೆ. ಅವತ್ತು ಅದು ಕಿವಿಗೆ ಹಿತವಾಗಲಿಲ್ಲ.

ಗುಡ್ಡ ಬಿಡಪ್ಪಾ, ಮನುಷ್ಯನ ಬಗ್ಗೆ ಕೇಳುತ್ತಿದ್ದೇವೆ ಎಂದೆ. ಹೆಂಗಿದ್ದ ಹೇಳ್ರಿ ಎಂದ. ಬಾಯಿ ತೆರೆದೆ. ಹೆಂಗಿದ್ದ? ಎತ್ತರ ಇರಬೇಕು. ಅಥವಾ ಇಲ್ಲವೇ? ಆ ಗುಡ್ಡದ ಮೇಲೆ ಬೆಳಗಿನ ಬಿಸಿಲು ಯಾವ ಬಂಡೆಗೆ ಮೊದಲು ಬೀಳುತ್ತದೆ ಎಂದು ಕೇಳಿ, ಈಗಲೂ ಹೇಳುತ್ತೇನೆ. ಸಂಜೆ ನೆರಳು ಯಾವ ಕೊರಕಲಿನಲ್ಲಿ ಇಳಿಯುತ್ತದೆ ಎಂದು ಕೇಳಿ, ಹೇಳುತ್ತೇನೆ. ನಾಲ್ಕು ಸಲ ನಿಲ್ಲಿಸಿ ಫೋಟೊ ತೆಗೆದ ಮನುಷ್ಯನ ಮೂಗು ಉದ್ದವೋ ಮೊಂಡೋ ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಮೈದುನ ಮುಂದೆ ಬಂದ. “ಬಲಗಡಿ ಹುಬ್ಬಿನ ಮ್ಯಾಲ ಗಾಯದ ಕಲಿ ಅದ. ಮುಂದಿನ ಹಲ್ಲು ಅರ್ಧ ಮುರದದ. ಮಾತಾಡೋವಾಗ ಕಿವಿ ಮುಟ್ಗೊಂತಾನ. ಕೈಯಾಗ ಕುರಿ ಔಷಧದ ಬಾಟ್ಲಿ ಇತ್ತು.”

“ಬಾಟ್ಲಿ?” ಚಹಾ ಅಂಗಡಿಯವನು ಗ್ಲಾಸು ಕೆಳಗಿಟ್ಟ. “ಚಳಿಜ್ವರದಾಗ ಥರಥರ ನಡಗಾಕತ್ತಿದ್ದ, ಅವನೇನ್ರಿ? ಸಿರವಾರ ಬಸ್ ಇಳದಾವ ಇಲ್ಲೇ ಬಿದ್ದಬಿಟ್ಟ. ಹುಬ್ಬಿನ ಮ್ಯಾಲ ಕಲಿ ನೋಡೀನಿ ನಾ. ಬಾಟ್ಲಿ ಬಿಡವಲ್ಲ, ಕುರಿ ಕುರಿ ಅಂತಾನ. ರಾಯಚೂರು ಬಸ್ಸಿನ ಡ್ರೈವರ್ ಎತ್ತಿ ಹಾಕ್ಕೊಂಡು ದವಾಖಾನಿಗೆ ಒಯ್ದ.”

ರಾಯಚೂರಿನ ದೊಡ್ಡ ದವಾಖಾನೆ. ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷ. ದಿನಾ ಅದರ ಮುಂದೆಯೇ ಆಫೀಸಿಗೆ ಹೋಗುತ್ತೇನೆ.

ಸಂಜೆಗೆ ಮುಟ್ಟಿದೆವು. ಉದ್ದನೆಯ ವಾರ್ಡು, ಎರಡೂ ಕಡೆ ಹಾಸಿಗೆ. ನಾನು ಮುಂದೆ, ಮೈದುನ ಹಿಂದೆ. ಒಂದೊಂದೇ ಮುಖ ನೋಡುತ್ತಾ ನಡೆದೆ. ಕೊನೆಯ ಗೋಡೆ ಬಂತು. ಇಲ್ಲ ಎಂದು ತಿರುಗುವಷ್ಟರಲ್ಲಿ, ಆಗಲೇ ದಾಟಿ ಬಂದಿದ್ದ ಹಾಸಿಗೆಯೊಂದರಿಂದ ದನಿ ಬಂತು.

“ಸಾಹೇಬ್ರ, ಗುಡ್ಡ ಬಿಟ್ಟು ಇಲ್ಲಿಗ್ಯಾಕ ಬಂದ್ರಿ?”

ರುಮಾಲಿಲ್ಲದ ಬರೀ ತಲೆ. ಕೂದಲು ಪೂರ್ತಿ ಬೆಳ್ಳಗೆ. ಹುಬ್ಬಿನ ಮೇಲೆ ಕಲೆ. ಆ ಮುಖವನ್ನು ಎರಡು ಮೊಳ ದೂರದಿಂದ ನೋಡಿ ದಾಟಿ ಹೋಗಿದ್ದೆ. ಮೈದುನ ಮಾತ್ರ ಆಗಲೇ ಅಣ್ಣನ ಕಾಲು ಹಿಡಿದು ಕುಳಿತಿದ್ದ, ಅಳುತ್ತಿದ್ದ.

ಒಂದು ವಾರ ಅಮರಪ್ಪನಿಗೆ ಮೈಮೇಲೆ ಎಚ್ಚರವೇ ಇರಲಿಲ್ಲವಂತೆ. ಎಚ್ಚರ ಬಂದ ಮೇಲೆ ದವಾಖಾನೆಯವರು ಪಾಪ, ಊರಿಗೆ ಕಾರ್ಡು ಬರೆದಿದ್ದರು. ಕಾರ್ಡು ಊರಿಗೆ ಹೋಗಿ ಬೀಗ ಹಾಕಿದ ಬಾಗಿಲ ಸಂದಿನಲ್ಲಿ ಕುಳಿತಿತ್ತು. ಮನೆಯವರೆಲ್ಲ ಮಾನ್ವಿಯ ಗದ್ದೆಯಲ್ಲಿದ್ದರಲ್ಲ. ಸುದ್ದಿ ತಿಳಿದು ಓಡಿಬಂದ ಈರಮ್ಮ ಮೊದಲು ಗಂಡನ ಹಣೆ ಮುಟ್ಟಿ ನೋಡಿದಳು. ಆಮೇಲೆ ನನಗೆ ಕೈ ಮುಗಿದಳು. “ನಿಮ್ಮ ಫೋಟೊದಿಂದ ಸಿಕ್ರು ರೀ.”

ಅಲ್ಲ ಈರಮ್ಮ, ಫೋಟೊದಿಂದಲ್ಲ. ನಿನ್ನ ಮೈದುನನ ಮಾತಿನಿಂದ. ಅಲ್ಲಿ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಆವತ್ತಿನಿಂದ ಯಾವ ಫೋಟೊ ನೋಡಿದರೂ ನನ್ನ ಕಣ್ಣು ಮೂಲೆಗೆ ಹೋಗುತ್ತದೆ. ನಿಮ್ಮ ಮನೆಯ ಮದುವೆ ಫೋಟೊ ಒಮ್ಮೆ ತೆಗೆದು ನೋಡಿ. ಹಿಂದೆ ಅರ್ಧ ತಲೆ ಕಾಣುವ ಅಡುಗೆಯವರು ಯಾರು? ನಮ್ಮ ಆಫೀಸಿನ ಗ್ರೂಪ್ ಫೋಟೊದಲ್ಲಿ ಕುರ್ಚಿಗಳನ್ನೆಲ್ಲ ಹೊತ್ತು ತಂದು ಸಾಲಾಗಿ ಹಾಕಿದ ಜವಾನ ಎಲ್ಲಿ? ಆತನನ್ನು, ಸ್ವಲ್ಪ ಸರಿಯಪ್ಪಾ ಎಂದು ಹೊರಗೆ ಕಳಿಸಿದವನೂ ನಾನೇ ಇರಬೇಕು. ಯಾರಿಗೂ ಕೆಟ್ಟದ್ದು ಮಾಡಬೇಕೆಂದು ಮಾಡಿದ್ದಲ್ಲ. ಚಿತ್ರ ಚೆನ್ನಾಗಿ ಬರಲಿ ಎಂದು ಮಾಡಿದ್ದು, ಅಷ್ಟೇ. ಅಷ್ಟೇ ಎನ್ನುವುದೇ ಈಗ ಕಷ್ಟವಾಗುತ್ತಿದೆ.

ಅಂದಹಾಗೆ, ಕಳೆದ ವರ್ಷದ ನನ್ನ ಆ ಸಲಹೆಯನ್ನು ವಾಪಸು ತೆಗೆದುಕೊಂಡಿದ್ದೇನೆ. ಗುಡ್ಡಗಳು ಹಾಗೇ ಇರಲಿ, ಹೋಗಿ ಬನ್ನಿ. ಬುತ್ತಿಯನ್ನು ಮಾತ್ರ ಅಲ್ಲಿ ಸಿಕ್ಕವರ ಜೊತೆ ಕೂತು ಬಿಚ್ಚಿ.

ಅಮರಪ್ಪ ಹುಷಾರಾಗಿ ಊರಿಗೆ ಹೋದ. ಮೊನ್ನೆ ಭಾನುವಾರ ಹೊಸ ರೋಲು ಹಾಕಿಕೊಂಡು ನಾನೂ ಹೋದೆ. ಹನ್ನೆರಡೂ ಆತನ ಮನೆಯವರಿಗೇ ಎಂದು ನಿಶ್ಚಯ ಮಾಡಿಕೊಂಡಿದ್ದೆ. ಈರಮ್ಮ ಗಂಡನಿಗೆ ಒಗೆದ ಅಂಗಿ ತೊಡಿಸಿ, ಹೊಸ ರುಮಾಲನ್ನು ತಾನೇ ನಿಂತು ಸುತ್ತಿಸಿದಳು. ಗುಡ್ಡದ ಬುಡದಲ್ಲಿ ಬೆಳಕು ಚೆನ್ನಾಗಿತ್ತು. ಆತನನ್ನು ನನ್ನ ಎದುರಿಗೆ ಮೂರು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಕ್ಯಾಮೆರಾ ತೆಗೆಯಲು ಚೀಲಕ್ಕೆ ಬಗ್ಗಿದೆ.

ತೆಗೆದು ನೋಡಿದರೆ ಎದುರಿಗೆ ಯಾರೂ ಇಲ್ಲ. ಅಮರಪ್ಪ ಕೋಲೂರುತ್ತಾ ಆಗಲೇ ಅರ್ಧ ದಾರಿ ಹೋಗಿದ್ದ, ಆ ದೊಡ್ಡ ಬಂಡೆಯ ಕಡೆಗೆ. ಜ್ವರದಲ್ಲಿ ಸೊರಗಿದ ಕಾಲು, ಆದರೂ ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಗೊತ್ತಿತ್ತು.

“ಹಿಂದಕ್ಕ ಬ್ಯಾಡ್ರಿ, ಅಮರಪ್ಪಾ,” ಎಂದು ಕೂಗಿದೆ. “ಇಲ್ಲೆ, ನನ್ನ ಹತ್ರ ಬರ್ರಿ.”

ಆತ ನಿಂತ. ಎಡಗಾಲ ಮೇಲೆ ಭಾರ ಹಾಕಿ, ಒಮ್ಮೆ ಗುಡ್ಡವನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ.

“ನಾ ಹತ್ರ ಬಂದ್ರ ಗುಡ್ಡ ಸಣ್ಣದಾಗಂಗಿಲ್ಲೇನ್ರಿ, ಸಾಹೇಬ್ರ?”