ಆ ಹುಡುಗಿಗೆ ಹೇಳಿದ ಹೆಸರು

ಅವಳ ಎಡಗೈ ತುಂಬ ನೀಲಿ ಪೆನ್ನಿನ ಗೀಚು. ನಮ್ಮ ತುಳು ಶಬ್ದಗಳನ್ನು ಅವಳ ದ್ವೀಪದ ಅಕ್ಷರದಲ್ಲಿ, ಬಲದಿಂದ ಎಡಕ್ಕೆ, ಕೈಮೇಲೆ ಬರೆದುಕೊಂಡು ಬರುತ್ತಿದ್ದಳು. ಹನ್ನೊಂದು ಗಂಟೆಯ ಸೆಕೆಗೆ ಅರ್ಧ ಅಳಿಸಿಹೋಗಿರುತ್ತಿತ್ತು. ಮೇಜಿನ ಕೆಳಗೆ ಅವಳ ಮೊಣಕಾಲು ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. ಅದರೊಟ್ಟಿಗೆ ಮೇಜೂ ಅಲುಗುತ್ತಿತ್ತು, ಮೇಜಿನ ಮೇಲಿನ ಚಿತ್ರದ ಕಾರ್ಡುಗಳೂ.

ನನಗೆ ಸ್ಟ್ರೋಕ್ ಆಗಿ ಮಾತು ಹೋಗಿತ್ತು. ಕೈಕಾಲು ಸರಿ, ತಲೆಯೂ ಸರಿ, ಬಾಯಿ ಮಾತ್ರ ಇಲ್ಲ; ಬರೆಯಹೋದರೆ ಅಕ್ಷರವೂ ಕೂಡುತ್ತಿರಲಿಲ್ಲ. ಪ್ರತಿ ಗುರುವಾರ ನನ್ನ ಯಜಮಾನರು ನರಿಕೊಂಬಿನಿಂದ ಬಂಟ್ವಾಳದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಅವರು ಹೊರಗೆ ಬೆಂಚಿನಲ್ಲಿ; ಒಳಗೆ ನಾನು ಮತ್ತು ಮಾಲ್ಡೀವ್ಸಿನ ಈ ಹುಡುಗಿ. ಮಾತಿನ ತೊಂದರೆ ಸರಿಮಾಡುವ ವಿದ್ಯೆ ಕಲಿಯಲು ಸಮುದ್ರ ದಾಟಿ ಮಂಗಳೂರಿನ ಕಾಲೇಜಿಗೆ ಬಂದವಳು, ಪ್ರಾಕ್ಟೀಸಿಗೆ ಇಲ್ಲಿಗೆ. ಅವಳಿಗೆ ನಮ್ಮ ಮಾತು ಸರಿಯಾಗಿ ಬಾರದು, ನನಗೆ ಯಾವ ಮಾತೂ ಬಾರದು. ಒಳ್ಳೆ ಜೋಡಿ.

"ಅರ್ಜೆಂಟ್ ಇಲ್ಲ. ಪನ್ಲೆ ಅಜ್ಜಿ" ಎನ್ನುತ್ತಿದ್ದಳು. ಪನ್ಲೆ ಎಂದರೆ ಹೇಳಿ. ಬಾಯಿ ಹಾಗೆ ಹೇಳುವಾಗ ಕಾಲು ಬಸ್ಸು ತಪ್ಪಿದವರ ಹಾಗೆ ಕುಣಿಯುತ್ತಿತ್ತು.

ಸೇಬಿನ ಚಿತ್ರ, ವಿಮಾನದ ಚಿತ್ರ ತೋರಿಸುತ್ತಿದ್ದಳು. ಒಂದು ದಿನ ಸಿಟ್ಟು ಬಂದು ಕಾರ್ಡುಗಳನ್ನು ತಳ್ಳಿಬಿಟ್ಟೆ. ಮುಂದಿನ ವಾರ ಅವಳ ಊರಿನ ಒಣಮೀನನ್ನು ಪೇಪರಿನಲ್ಲಿ ಸುತ್ತಿ ತಂದು ನನ್ನ ಮೂಗಿನ ಹತ್ತಿರ ಹಿಡಿದಳು. ಕಟ್ಟಿಗೆಯಂಥ ಮೀನು, ರೂಮಿಡೀ ನಾತ.

"ಮೀನು" ಎಂದೆ. ಎರಡು ತಿಂಗಳ ಮೇಲೆ ಬಂದ ಮೊದಲ ಮಾತು.

ನರ್ಸ್ ಓಡಿ ಬಂದು, "ಇದೆಂತ ಮಾರಾಯ್ತಿ, ಆಸ್ಪತ್ರೆಯಾ ಮೀನು ಮಾರ್ಕೆಟಾ?" ಎಂದು ಬೈದಳು. ಹುಡುಗಿ ಆ ಬೈಗುಳವನ್ನೂ ಕೈಮೇಲೆ ಬರೆದುಕೊಂಡಳು.

ಆಮೇಲೆ ಒಂದೊಂದೇ ಬಂತು. ಅಕ್ಕಿ, ನೀರು, ಸೊಸೆಯ ಹೆಸರು. ಗಂಡನ ಹೆಸರು ಕೇಳಿದರೆ ಮಾತ್ರ ನಾನು ಗೋಡೆ ನೋಡುತ್ತಿದ್ದೆ. ಪ್ರತಿ ವಾರ ಕೇಳುತ್ತಿದ್ದಳು, ಪ್ರತಿ ವಾರ ಕಾಗದದಲ್ಲಿ ತಪ್ಪು ಗುರುತು ಹಾಕುತ್ತಿದ್ದಳು. ನಮ್ಮ ಪ್ರಾಯದ ಹೆಂಗಸರು ಗಂಡನ ಹೆಸರು ಹೇಳುವ ಕ್ರಮ ಇಲ್ಲ. ಮದುವೆಯಾದಂದಿನಿಂದ ನಾನು ಹೇಳಿದ್ದಿಲ್ಲ. ಆದರೆ ಕ್ರಮ ಇಲ್ಲ ಎಂದು ತಿಳಿಸುವುದಕ್ಕೂ ಮಾತು ಬೇಕಲ್ಲ.

ಒಂದು ಗುರುವಾರ ಅವಳ ದೊಡ್ಡ ಮೇಡಂ ಬಂದು ಕಾಗದ ತಿರುವಿದರು. "ಗಂಡನ ಹೆಸರೇ ನೆನಪಿಲ್ಲ. ಇವರಿಗೆ ಇನ್ನು ಇಷ್ಟೇ. ಫೈಲ್ ಮುಗಿಸು, ಕಾಯುವವರು ಬೇರೆ ಇದ್ದಾರೆ."

ಹುಡುಗಿಯ ಮೊಣಕಾಲು ನಿಂತಿತು. "ಅಜ್ಜಿಗೆ ಗೊತ್ತುಂಟು ಮೇಡಂ. ಕಣ್ಣಿನಲ್ಲಿ ಉಂಟು."

"ಕಣ್ಣಿಗೆ ಮಾರ್ಕ್ ಇಲ್ಲ."

ಅವಳು ನನ್ನ ಕಡೆ ತಿರುಗಿದಳು. ಪನ್ಲೆ ಎನ್ನಲಿಲ್ಲ. ಪೆನ್ನು ಬಿಗಿಯಾಗಿ ಹಿಡಿದು ಕೂತಳು. ಆ ಕಾಲು ಅಲುಗದೆ ಇರುವುದನ್ನು ನನಗೆ ನೋಡಲಾಗಲಿಲ್ಲ. ಹೇಳಿಬಿಟ್ಟೆ. ಪೂರ್ತಿ ಹೆಸರು, ಜೋರಾಗಿ.

ಬಾಗಿಲು ತೆರೆಯಿತು. ಯಜಮಾನರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದರು. "ಯಾರು, ನನ್ನನ್ನು ಕರೆದದ್ದಾ?" ಎಂದು ಮೇಡಮ್ಮನ್ನು ಕೇಳಿದರು. ಆಮೇಲೆ ನನ್ನನ್ನು ನೋಡಿ, "ನೀನಾ?"

ಫೈಲ್ ಮುಗಿಯಲಿಲ್ಲ. ಮಳೆಗಾಲ ಕಳೆಯುವುದರೊಳಗೆ ಸೊಸೆಯೊಡನೆ ಜಗಳಾಡುವಷ್ಟು ಮಾತು ಬಂತು. ಹುಡುಗಿ ಪರೀಕ್ಷೆ ಮುಗಿಸಿ ದ್ವೀಪಕ್ಕೆ ಹೋದಳು. ಗುರುವಾರ ವಿಡಿಯೋ ಫೋನ್ ಮಾಡುತ್ತಾಳೆ, ಫೋನಿನಲ್ಲೂ ಅವಳ ಮುಖ ಅಲುಗುತ್ತಲೇ ಇರುತ್ತದೆ. ಫೋನ್ ಬಾರದ ವಾರ ನಾನು ಒಳಗೆ ಹೊರಗೆ ತಿರುಗುತ್ತೇನೆ.

ಆ ಹೆಸರನ್ನು ಮತ್ತೆ ಹೇಳಿಲ್ಲ. "ಇನ್ನೊಮ್ಮೆ ಹೇಳು ನೋಡುವ" ಎಂದು ಯಜಮಾನರು ಕೇಳುತ್ತಾರೆ. ಹೇಳುವುದಿಲ್ಲ. ಇಲ್ಲಿ ಬರೆಯುವುದೂ ಇಲ್ಲ. ಅದು ಆ ಹುಡುಗಿಗೆ ಕೊಟ್ಟದ್ದು.