ಮಾದರಿ ಸಂದರ್ಶನದ ದಿನ

ಬ್ಯಾಂಕ್ ಆಫೀಸರ್ ಪರೀಕ್ಷೆಗೆಂದು ನಾನು ಸಿಂದಗಿಯ ಬಸ್ ನಿಲ್ದಾಣದ ಹತ್ತಿರದ ಒಂದು ಕೋಚಿಂಗ್ ಕ್ಲಾಸಿಗೆ ಎರಡು ವರ್ಷ ಹೋದೆ. ಮೊದಲ ವರ್ಷ ನನ್ನ ಪಕ್ಕ ಕೂರುತ್ತಿದ್ದವಳು ಮೋರಟಗಿಯ ಹುಡುಗಿ, ಟೇಲರ್ ಒಬ್ಬರ ಮಗಳು. ಬೆಳಗಿನ ಬಸ್ಸಿಗೆ ಬಂದು, ಕ್ಲಾಸಿನ ಬೀಗ ತೆಗೆಯುವ ತನಕ ಮೆಟ್ಟಿಲ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದಳು. ದುಂಡು ಮೇಜಿನ ಸುತ್ತ ಎಂಟು ಜನ ಕೂತಿದ್ದಾರೆ, ಯಾರ ಎಡಕ್ಕೆ ಯಾರು ಎಂಬಂಥ ಪ್ರಶ್ನೆಗಳು ನನ್ನ ತಲೆಗೇ ಹತ್ತುತ್ತಿರಲಿಲ್ಲ. ಅವಳು ನನ್ನ ನೋಟ್‌ಬುಕ್ಕಿನಲ್ಲಿ ವೃತ್ತ ಬರೆದು ಒಬ್ಬೊಬ್ಬರನ್ನೇ ಕೂರಿಸಿ ತೋರಿಸುತ್ತಿದ್ದಳು.

ಅವಳಿಗೆ ಉಗ್ಗು ಇತ್ತು. ಅದನ್ನು ಮರೆಮಾಚುವುದರಲ್ಲಿ ಎಷ್ಟು ಪಳಗಿದ್ದಳೆಂದರೆ, ಕ್ಲಾಸಿನವರು ಅವಳಿಗೆ ಮಾತು ಕಡಿಮೆ ಎಂದಷ್ಟೇ ತಿಳಿದಿದ್ದರು. ಗುಟ್ಟನ್ನು ನನಗೊಬ್ಬಳಿಗೇ ಹೇಳಿದ್ದಳು. ‘ಬ’ ಅಕ್ಷರಕ್ಕೆ ಬಂದರೆ ನಾಲಿಗೆ ನಿಲ್ಲುತ್ತಿತ್ತು. ಅದಕ್ಕೇ ಬಸ್ಸಿಗೆ ‘ಗಾಡಿ’ ಎನ್ನುತ್ತಿದ್ದಳು.

"ಇಂಟರ್‌ವ್ಯೂದಾಗ ಹ್ಯಾಂಗ ಮಾಡ್ತಿ? ಬ್ಯಾಂಕ್ ಅನ್ನಲೇಬೇಕಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಈ ನೌಕರಿ, ಈ ನೌಕರಿ ಅಂದು ಮುಗಸ್ತೇನಿ," ಎಂದು ನಕ್ಕಿದ್ದಳು.

ಮುಖ್ಯ ಪರೀಕ್ಷೆಯಲ್ಲಿ ಅವಳು ಪಾಸಾದಳು, ನಾನು ಆಗಲಿಲ್ಲ. ಸರ್ ಅವಳಿಗೆ ಚಪ್ಪಾಳೆ ಹೊಡೆಸಿ, ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ಇಕಿ ಬಾಜೂಕೇ ಕುಂತಿದ್ದಿ. ಏನ್ ನೋಡ್ಕೋತ ಕುಂತಿದ್ದಿ?" ಎಂದರು. ಎಲ್ಲರೂ ನಕ್ಕರು. ಅವಳು ನಗಲಿಲ್ಲ, ನನ್ನ ಕೈ ಹಿಡಿದು ಕೂರಿಸಿದಳು. ನಾನು ಕೈ ಕೊಡವಿಕೊಂಡೆ.

ಮುಂದಿನ ವಾರ ಅವಳಿಗಾಗಿ ಮಾದರಿ ಸಂದರ್ಶನ ಇಟ್ಟರು. ಸರ್ ಕುರ್ಚಿ ಹಾಕಿಸಿ, "ನೀನೂ ಬಾ. ಉತ್ತರ ಕೊಡಾಕಂತೂ ಬರಲಿಲ್ಲ, ಪ್ರಶ್ನಿ ಕೇಳಾಕರ ಕಲಿ," ಎಂದು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಪ್ರಶ್ನೆಗಳಿಗೆಲ್ಲ ಅವಳು ಚೆನ್ನಾಗಿಯೇ ಉತ್ತರಿಸಿದಳು. ನನ್ನ ಸರದಿ ಬಂತು.

"ಯಾಕ ಆಫೀಸರ್ ಆಗಬೇಕಂತೀರಿ?"

"ನಮ್ಮೂರ ಹೆಣ್ಮಕ್ಕಳು ಒಂದು ಅರ್ಜಿ ತುಂಬಾಕ ಮಂದೀನ ಹುಡುಕ್ಕೋತ ತಿರಗತಾರ್ರಿ. ಅದಕ್ಕ ಈ ನೌಕರಿ ನನಗ…"

"ಈ ನೌಕರಿ ಅಂದ್ರ ಯಾವುದು? ಹೆಸರ ಹೇಳ್ರಿ."

ಅವಳು ನನ್ನ ಮುಖ ನೋಡಿದಳು. ತುಟಿ ಒತ್ತಿ ಹಿಡಿದು, "ಬ…" ಎಂದಳು. ಮತ್ತೆ, "ಬ… ಬ…" ಕತ್ತಿನ ನರ ಉಬ್ಬಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು.

"ಹೇಳ್ರಿ, ಟೈಮ್ ಐತಿ," ಎಂದೆ.

"ಹಿಂಗಾದ್ರ ಮೊದಲನೇ ಗಿರಾಕಿ ಕೂಡ ಮಾತಾಡೂದ್ರಾಗ ಸಂಜೀ ಆಕ್ಕೈತಿ," ಎಂದರು ಸರ್. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳು ಚೀಲ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು. ಆ ಗಳಿಗೆಯಲ್ಲಿ ನನ್ನ ಎದೆ ಹಗುರವಾಯಿತು. ಸುಳ್ಳು ಹೇಳಲಾರೆ.

ಸಂದರ್ಶನಕ್ಕೆ ಎರಡು ದಿನ ಇರುವಾಗ ಅವಳ ಅವ್ವ ಫೋನ್ ಮಾಡಿದರು. "ಹೋಗಂಗಿಲ್ಲ ಅಂತ ಕುಂತಾಳವ್ವ. ಯಾಕಂದ್ರ ಹೇಳವಲ್ಲಳು. ನಿನ್ನ ಮಾತ ಕೇಳ್ತಾಳ, ಒಂದೀಟ ಬಂದು ಹೇಳಿ ಹೋಗು."

"ಓದೂದು ಭಾಳ ಐತ್ರಿ ಕಾಕು. ನಾಳಿ ಬರ್ತೇನಿ."

ಮರುದಿನ ಹೋಗಲಿಲ್ಲ. ಅವಳೂ ಸಂದರ್ಶನಕ್ಕೆ ಹೋಗಲಿಲ್ಲ.

ಮುಂದಿನ ವರ್ಷ ನಾನು ಪಾಸಾದೆ. ನಿಜವಾದ ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ನಾನು ತಡವರಿಸಿದೆ. ಎದುರಿಗಿದ್ದ ಹೆಂಗಸು ನೀರಿನ ಲೋಟ ನನ್ನತ್ತ ಸರಿಸಿ, "ಅವಸರ ಇಲ್ಲ, ಸಮಾಧಾನವಾಗಿ ಹೇಳಿ," ಎಂದರು. ನಾನು ಹೇಳಿ ಮುಗಿಸುವ ತನಕ ಉಳಿದವರೂ ಸುಮ್ಮನೆ ಕಾದರು. ಅವಳಿಗೂ ಇಂಥವರೇ ಸಿಗುತ್ತಿದ್ದರೇನೋ ಎಂದು ಆಗ ಹೊಳೆಯಿತು. ಎರಡನೇ ಪ್ರಶ್ನೆ ಕಿವಿಗೇ ಬೀಳಲಿಲ್ಲ. ಆದರೂ ಆಯ್ಕೆಯಾದೆ.

ಈಚೆಗೆ ರಜೆ ಮುಗಿಸಿ ಕಲಬುರಗಿ ಕಡೆಯ ನನ್ನ ಶಾಖೆಗೆ ಹೊರಟಿದ್ದೆ. ಸಿಂದಗಿಯಲ್ಲಿ ಬಸ್ ಹತ್ತಿದರೆ ಕಿಟಕಿಯ ಪಕ್ಕ ಅವಳು. ಉಳಿದ ಸೀಟುಗಳೆಲ್ಲ ತುಂಬಿದ್ದವು, ಅವಳ ಪಕ್ಕವೇ ಕೂತೆ. ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಾಳಂತೆ. ಅವಳ ಊರು ಹತ್ತಿರವಾದಾಗ ಧೈರ್ಯ ಮಾಡಿದೆ.

"ಅವತ್ತು ನಂದ ತಪ್ಪಾತು. ಸಿಟ್ಟಿನಾಗ ಕೇಳಿಬಿಟ್ಟೆ."

"ಸಿಟ್ಟಿನಾಗ ಅಲ್ಲ," ಎಂದಳು ಮೆಲ್ಲಗೆ. "ನಿನಗ ಗೊತ್ತಿತ್ತು. ಅದಕ್ಕ ಕೇಳಿದಿ."

"ಹೌದು," ಎಂದೆ.

ಮೋರಟಗಿ ಬಂತು. ಅವಳು ಎದ್ದಳು. ದಾಟಿ ಹೋಗಲೆಂದು ನಾನು ಮೊಣಕಾಲು ಸರಿಸಿದೆ.